ಮನೆಯ ಆಟಗಳು: ‘ಬ್ಯಾಂಗ್’ ಎಂಬ ಎಲೆಯಾಟದ ಗುಣದೋಷ ವಿಚಾರ

ಎಲೆಯಾಟವೆಂದರೆ ನಮ್ಮ ಹಿರಿಯರು ಮುಖ ಗಂಟಿಕ್ಕುತ್ತಿದ್ದುದು ಕಾರಣವಿಲ್ಲದೆ ಅಲ್ಲ. ಇಸ್ಪೀಟು ಮನೆಯೊಳಕ್ಕೆ ಬಂದರೆ ಹಣವು ಮನೆಯಿಂದ ಹೊರಕ್ಕೆ ನಡೆಯುವುದೆಂಬುದು ಅವರು ಕಣ್ಣಾರೆ ಕಂಡ ಸಂಗತಿ. ಹೀಗಿರುವಲ್ಲಿ, ಕಳೆದ ದಸರೆಯ ರಜದಲ್ಲಿ ನಮ್ಮ ತಮ್ಮನ ಮಗನು ಎಲೆಗಳ ಪೆಟ್ಟಿಗೆಯೊಂದನ್ನು ತಂದು ನಡುಮನೆಯ ಚಾಪೆಯ ಮೇಲೆ ಇರಿಸಿದಾಗ, ನಮ್ಮ ತಾಯಿಯವರು ಕೇಳಿದ ಮೊದಲ ಮಾತು “ಇದಕ್ಕೆ ಕಾಸು ಕಟ್ಟುತ್ತಾರೇನೋ?” ಎಂಬುದೇ. ಕಟ್ಟುವುದಿಲ್ಲವೆಂದು ತಿಳಿದ ಮೇಲೆ ಎಲ್ಲರಿಗಿಂತ ಮೊದಲು ಚಾಪೆಯ ಮೇಲೆ ಕುಳಿತವರೂ ಅವರೇ. ರಜ ಮುಗಿಯುವುದರೊಳಗೆ ಹನ್ನೊಂದು ಆಟಗಳಾದುವು. ಒಂದು ಆಟದಲ್ಲಿ ಮಗುವೊಂದರ ಕಣ್ಣಲ್ಲಿ ನೀರು ಬಂದಿತು. ಅದಕ್ಕೆ ಕಾರಣರಾದವರು ನಾವೇ. ಆದುದರಿಂದ ಈ ಆಟವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೆ, ಬಾರದೆ ಎಂಬ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಟದ ಹೆಸರು ‘ಬ್ಯಾಂಗ್’. ಪಿಸ್ತೂಲಿನ ಸದ್ದೇ ಹೆಸರಾಗಿದೆ. ಅಮೆರಿಕದ ಪಶ್ಚಿಮ ಸೀಮೆಯ ಷರೀಫರು, ದರೋಡೆಗಾರರು, ಕುದುರೆಗಳು, ಹೆಂಡದಂಗಡಿಗಳು ಇದರ ವಸ್ತು. ಆದರೆ ಇದು ಹುಟ್ಟಿದುದು ಇಟಲಿಯಲ್ಲಿ. ಎಮಿಲಿಯಾನೊ ಶಾರ್ರಾ ಎಂಬವರು ಕಲ್ಪಿಸಿದ ಈ ಆಟವು 2002ರಲ್ಲಿ ಪ್ರಕಟವಾಯಿತು. ಇಟಲಿಯವರಿಗೆ ಈ ಸೀಮೆಯ ಹುಚ್ಚು ಹೊಸದಲ್ಲ. 1964ರಲ್ಲಿ ಸೆರ್ಜಿಯೊ ಲಿಯೋನೆ ಎಂಬ ನಿರ್ದೇಶಕನು ಸ್ಪೇನ್ ದೇಶದ ಬಯಲಿನಲ್ಲಿ ಅಮೆರಿಕವನ್ನು ಕಟ್ಟಿ ಚಿತ್ರ ತೆಗೆದು ಹೆಸರು ಪಡೆದಂದಿನಿಂದ ಅಂಥ ಚಿತ್ರಗಳು ಅಲ್ಲಿ ನೂರಾರು ಬಂದುವು. ಈ ಆಟದ ಪಶ್ಚಿಮ ಸೀಮೆಯೂ ಆ ಬೆಳ್ಳಿತೆರೆಯದೇ ಹೊರತು ಇತಿಹಾಸದ್ದಲ್ಲ. ಜೆಸ್ಸಿ ಜೇಮ್ಸ್ ಇಲ್ಲಿ ಜೆಸ್ಸಿ ಜೋನ್ಸ್ ಆಗಿದ್ದಾನೆ, ಕಿಟ್ ಕಾರ್ಸನ್ ಕಿಟ್ ಕಾರ್ಲ್‌ಸನ್ ಆಗಿದ್ದಾನೆ, ಬಿಲ್ಲಿಯು ವಿಲ್ಲಿಯಾಗಿದ್ದಾನೆ. ಬಲ್ಲವರಿಗೆ ನಗು ಬರುವ ಹಾಗೆ ಹೆಸರುಗಳನ್ನು ತುಸುತುಸುವೇ ತಿರುಚಿದ್ದಾರೆ.

ಆಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ನಾಲ್ವರು ಮೊದಲ್ಗೊಂಡು ಏಳು ಮಂದಿಯವರೆಗೆ ಕೂಡಬಹುದು. ಏಳು ಮಂದಿ ಇದ್ದರೆ ಒಬ್ಬ ಷರೀಫ, ಅವನ ಕಡೆಯ ಇಬ್ಬರು ಸಹಾಯಕರು, ಮೂವರು ದರೋಡೆಗಾರರು, ಮತ್ತೆ ‘ರೆನಿಗೇಡ್’ ಎಂಬ ಒಬ್ಬ ಒಂಟಿ. ಷರೀಫನೊಬ್ಬನೇ ತನ್ನ ಎಲೆಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾನೆ. ಮಿಕ್ಕವರು ತಾವು ಯಾರೆಂಬುದನ್ನು ಬಚ್ಚಿಡಬೇಕು. ದರೋಡೆಗಾರರು ಷರೀಫನನ್ನು ಕೊಲ್ಲಬೇಕು. ಷರೀಫನೂ ಸಹಾಯಕರೂ ದರೋಡೆಗಾರರನ್ನೂ ಒಂಟಿಯನ್ನೂ ಮುಗಿಸಬೇಕು. ಒಂಟಿಯಾದವನು ಮಿಕ್ಕವರೆಲ್ಲರನ್ನೂ ಕಳೆದು, ಕಟ್ಟಕಡೆಗೆ ಷರೀಫನನ್ನು ಕೊಂದು, ತಾನೊಬ್ಬನೇ ಉಳಿಯಬೇಕು. ಪ್ರತಿಯೊಬ್ಬನಿಗೂ ಮೂರೋ ನಾಲ್ಕೋ ಜೀವಗಳು, ಷರೀಫನಿಗೆ ಒಂದು ಹೆಚ್ಚು. ಸರದಿ ಬಂದಾಗ ಎರಡು ಎಲೆ ತೆಗೆದುಕೊಂಡು ಬೇಕಾದುದನ್ನು ಪ್ರಯೋಗಿಸಬಹುದು. ಗುಂಡು ಹಾರಿಸುವುದು ಮಾತ್ರ ಒಂದು ಸರದಿಗೆ ಒಂದೇ ಸಲ. ತಪ್ಪಿಸಿಕೊಳ್ಳುವ ಎಲೆ ಇದ್ದವನು ಬದುಕಿದ, ಇಲ್ಲದವನಿಗೆ ಒಂದು ಜೀವ ನಷ್ಟ. ‘ಬಿಯರ್’ ಎಂಬ ಎಲೆಯನ್ನು ಇಳಿಸಿದರೆ ಹೋದ ಜೀವ ಒಂದು ಮರಳುತ್ತದೆ. ಹೆಂಡ ಕುಡಿದರೆ ಗಾಯ ಮಾಯುವುದೆಂಬ ಈ ವೈದ್ಯವನ್ನು ನಮ್ಮ ತಾಯಿಯವರು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಕಷಾಯ’ವೆಂದು ಹೆಸರು.

ಈ ಆಟದ ಮೊದಲನೆಯ ಗುಣ ಕುಳಿತ ಸ್ಥಳಕ್ಕೆ ಬಂದಿರುವ ಬೆಲೆ. ಪಕ್ಕದಲ್ಲಿ ಕುಳಿತವನು ಒಂದು ಮಾರು ದೂರ, ಅವನ ಆಚೆಯವನು ಎರಡು ಮಾರು, ಹೀಗೆ ಎಣಿಕೆ. ಎಲ್ಲರಿಗೂ ಮೊದಲಿನಿಂದ ಇರುವ ಪಿಸ್ತೂಲು ಪಕ್ಕದವನಿಗೆ ಮಾತ್ರ ತಗಲುತ್ತದೆ. ಎದುರು ಕುಳಿತವನನ್ನು ಹೊಡೆಯಲು ದೂರ ಹೋಗುವ ಬಂದೂಕಿನ ಎಲೆ ಸಿಕ್ಕಬೇಕು. ಎಲ್ಲಕ್ಕಿಂತ ದೊಡ್ಡದಾದ ವಿಂಚೆಸ್ಟರ್ ಐದು ಮಾರು ಹೋಗುತ್ತದೆ. ಕುದುರೆಯ ಎಲೆ ಇದ್ದವನು ಇದ್ದಲ್ಲಿಯೇ ಒಂದು ಮಾರು ದೂರವಾಗುತ್ತಾನೆ. ಸತ್ತವನ ಸ್ಥಳವನ್ನು ಎಣಿಕೆಗೆ ಹಿಡಿಯುವುದಿಲ್ಲವಾದುದರಿಂದ, ಒಬ್ಬೊಬ್ಬನು ಬಿದ್ದ ಹಾಗೆಲ್ಲ ವೃತ್ತವು ಕಿರಿದಾಗಿ, ದೂರದಲ್ಲಿದ್ದೇನೆಂದು ನಿಶ್ಚಿಂತನಾಗಿದ್ದವನು ತಟ್ಟನೆ ಶತ್ರುವಿನ ಮಗ್ಗುಲಿಗೆ ಬರುತ್ತಾನೆ. ಇಷ್ಟು ಸರಳವಾದ ನಿಯಮದಿಂದ ಇಷ್ಟು ಚಿಂತೆಯನ್ನು ಹುಟ್ಟಿಸುವ ಬೇರೆ ಎಲೆಯಾಟವನ್ನು ನಾವು ಕಂಡಿಲ್ಲ.

ಎರಡನೆಯ ಗುಣ, ನಮ್ಮ ಮತದಲ್ಲಿ ಮುಖ್ಯವಾದುದು, ಆ ಬಚ್ಚಿಟ್ಟ ಪಾತ್ರಗಳದು. ದರೋಡೆಗಾರನೊಬ್ಬನನ್ನು ಕೊಂದವನಿಗೆ ಬಹುಮಾನವಾಗಿ ಮೂರು ಎಲೆ. ಕೊಂದವನು ಇನ್ನೊಬ್ಬ ದರೋಡೆಗಾರನೇ ಆಗಿದ್ದರೂ ಬಹುಮಾನಕ್ಕೆ ಅಡ್ಡಿಯಿಲ್ಲ. ಸಾಯುತ್ತಿರುವ ಜೊತೆಗಾರನನ್ನು ತಾನೇ ಮುಗಿಸಿ ಮೂರು ಎಲೆ ಎತ್ತಿಕೊಳ್ಳುವ ಆಸೆ ಎಂಥವರಿಗೂ ಆಗುತ್ತದೆ. ನಮ್ಮ ಭಾವನವರಂಥ ಸಾಧುಗಳಿಗೂ ಆಯಿತು. ಇನ್ನು ಆ ಒಂಟಿಯ ಪಾಡು ವಿಚಿತ್ರವಾದುದು. ಬೇರೆಯವರು ಇನ್ನೂ ಉಳಿದಿರುವಾಗ ಷರೀಫನು ಸತ್ತರೆ ಗೆಲುವು ದರೋಡೆಗಾರರದು. ಆದುದರಿಂದ ಒಂಟಿಯು ಕಡೆಯವರೆಗೂ ಷರೀಫನನ್ನು ಸಾಕಬೇಕು, ಸಹಾಯಕನಂತೆ ನಟಿಸಬೇಕು, ಎರಡು ಪಕ್ಷಗಳನ್ನೂ ಸಮವಾಗಿ ಸವೆಸಬೇಕು. ತಾಯಿಯವರು ಅವನಿಗೆ ಮೊದಲನೆಯ ದಿನವೇ ‘ಶಕುನಿ’ ಎಂದು ನಾಮಕರಣ ಮಾಡಿದರು. ಆ ಎಲೆ ಎರಡು ಸಲ ಅವರಿಗೇ ಬಂದಿತೆಂಬುದು ಆಟ ಮುಗಿದ ಮೇಲೆ ನಮಗೆ ತಿಳಿಯಿತು.

ದೋಷವೂ ಇದೇ ಸ್ಥಳದಲ್ಲಿ ಹುಟ್ಟುತ್ತದೆ. ನಾಲ್ಕನೆಯ ಆಟದಲ್ಲಿ ನಾವು ಷರೀಫರಾಗಿದ್ದೆವು. ಒಂಬತ್ತು ವರ್ಷದ ತಮ್ಮನ ಮಗಳು ‘ಗ್ಯಾಟ್ಲಿಂಗ್’ ಎಂಬ ಯಂತ್ರದ ಬಂದೂಕಿನ ಚಿತ್ರ ಕಂಡು ಹಿಗ್ಗಿ ಆ ಎಲೆಯನ್ನು ಇಳಿಸಿದಳು. ಅದು ತನ್ನವರು, ಪರರು ಎನ್ನದೆ ಎಲ್ಲರಿಗೂ ತಗಲುವ ಎಲೆ; ನಮ್ಮ ಜೀವ ಒಂದು ಹೋಯಿತು. ಷರೀಫನ ಮೇಲೆ ಕೈಯೆತ್ತಿದವಳು ದರೋಡೆಗಾರಳಲ್ಲದೆ ಇನ್ನಾರೆಂದು ತರ್ಕಿಸಿ, ಭಾವನವರೂ ಹುರಿದುಂಬಿಸಿದುದರಿಂದ, ನಾವು ಎರಡು ಸುತ್ತುಗಳಲ್ಲಿ ಅವಳನ್ನು ಮುಗಿಸಿದೆವು. ಅವಳು ತಿರುಗಿಸಿ ತೋರಿಸಿದ ಎಲೆ ನಮ್ಮ ಸಹಾಯಕನದು. “ದೊಡ್ಡಪ್ಪ, ನಾನು ನಿಮ್ಮ ಕಡೆಯವಳೆಂದು ನಿಮಗೆ ಗೊತ್ತಾಗಲಿಲ್ಲವೆ?” ಎಂದು ಕೇಳಿ ಎದ್ದು ಹೋದಳು. ತನ್ನ ಸಹಾಯಕನನ್ನು ಕೊಂದ ಷರೀಫನು ಕೈಯಲ್ಲಿರುವ ಮತ್ತು ಮುಂದಿರುವ ಎಲೆಗಳನ್ನೆಲ್ಲ ಕಳೆದುಕೊಳ್ಳತಕ್ಕದ್ದೆಂದು ನಿಯಮ. ನಾವು ಕಳೆದುಕೊಂಡೆವು. ಮರುಸುತ್ತಿನಲ್ಲಿ ಭಾವನವರು ನಮ್ಮನ್ನು ಮುಗಿಸಿದರು. ದರೋಡೆಗಾರರು ಅವರೇ ಆಗಿದ್ದರು.

ಆ ಮಗುವಿನ ದುಃಖದಲ್ಲಿ ಎರಡು ಭಾಗಗಳಿದ್ದುವು. ತನ್ನನ್ನು ನಂಬಲಿಲ್ಲವೆಂಬುದು ಒಂದು. ಅದು ಆಟದ ಸಾರವೇ ಆಗಿರುವುದರಿಂದ ಅದನ್ನು ದೋಷವೆನ್ನಲಾರೆವು. ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಅದು ನಗುವಾಗಿ ಹೋಯಿತು. ಇನ್ನೊಂದು, ಮಿಕ್ಕವರೆಲ್ಲ ಆಡುತ್ತಿರುವಾಗ ತಾನು ಸುಮ್ಮನೆ ಕುಳಿತಿರಬೇಕಾದುದು. ಇದು ನಿಜವಾದ ದೋಷ. ಸತ್ತವನಿಗೆ ಈ ಆಟದಲ್ಲಿ ಯಾವ ಕೆಲಸವೂ ಇಲ್ಲ. ಏಳು ಮಂದಿ ಕೂತರೆ ನಮ್ಮ ಮನೆಯಲ್ಲಿ ಒಂದು ಆಟಕ್ಕೆ ಒಂದು ಗಂಟೆಗೂ ಮೇಲಾಗುತ್ತಿತ್ತು. ಎರಡನೆಯ ಸುತ್ತಿನಲ್ಲಿಯೇ ಬಿದ್ದವನು ಮುಕ್ಕಾಲು ಗಂಟೆ ಗೋಡೆಗೆ ಒರಗಿ ಕುಳಿತಿರಬೇಕು. ದೊಡ್ಡವರಾದರೆ ಒಂದು ಲೋಟ ಕಾಫಿ ಮಾಡಿಕೊಂಡು ಬರುತ್ತಾರೆ. ಮಕ್ಕಳು ಏನು ಮಾಡಬೇಕು? ಕಲ್ಪಿಸಿದವರೂ ಈ ಕೊರತೆಯನ್ನು ಬಲ್ಲರೆಂದು ತೋರುತ್ತದೆ. ‘ಹೈ ನೂನ್’ ಎಂಬ ಅನುಬಂಧದ ಎಲೆಗಳಲ್ಲಿ, ಸತ್ತವರು ಒಂದು ಸುತ್ತಿನ ಮಟ್ಟಿಗೆ ದೆವ್ವಗಳಾಗಿ ಮರಳಿ ಬಂದು ಆಡುವಂಥದೊಂದು ಉಂಟು. ಆದರೆ ಒಂದು ಸುತ್ತಿನಿಂದ ಆಗುವ ಸಮಾಧಾನ ಎಷ್ಟು!

ಬಿದ್ದವನನ್ನು ಇನ್ನೂ ಬೀಳಿಸುವ ನಿಯಮವೊಂದನ್ನೂ ಹೇಳಬೇಕು. ಸರದಿ ಮುಗಿದಾಗ ಎಷ್ಟು ಜೀವ ಉಳಿದಿದೆಯೋ ಅಷ್ಟೇ ಎಲೆಗಳನ್ನು ಕೈಯಲ್ಲಿ ಇಟ್ಟುಕೊಳ್ಳಬಹುದು. ಗಾಯಗೊಂಡವನು ದುರ್ಬಲನಾಗುವುದು ಲೋಕರೂಢಿಯೇ ಸರಿ. ಆದರೆ ಒಂದೇ ಜೀವ ಉಳಿದವನು ಒಂದೇ ಎಲೆ ಹಿಡಿದುಕೊಂಡು ಏನನ್ನು ಹೂಡಿಯಾನು? ಆಡುವ ಎಂಬತ್ತು ಎಲೆಗಳಲ್ಲಿ ಗುಂಡಿನವು ಇಪ್ಪತ್ತೈದು, ತಪ್ಪಿಸಿಕೊಳ್ಳುವವು ಹನ್ನೆರಡು, ನಮ್ಮ ಕಷಾಯದವು ಆರು. ಹೊಡೆಯುವುದು ಸುಲಭ, ಉಳಿಯುವುದು ಕಷ್ಟ. ಅದೃಷ್ಟದ ಕೈವಾಡವೂ ಸ್ವಲ್ಪವಲ್ಲ. ‘ಡೈನಮೈಟ್’ ಎಂಬ ಎಲೆ ಸರದಿಯಂತೆ ಎಲ್ಲರ ಮುಂದೆಯೂ ಹಾದುಹೋಗುತ್ತದೆ. ಪರೀಕ್ಷೆಗಾಗಿ ತಿರುಗಿಸಿದ ಎಲೆಯ ಮೂಲೆಯಲ್ಲಿ ಇಸ್ಪೀಟಿನ 2ರಿಂದ 9ರೊಳಗಿನ ಗುರುತು ಕಂಡರೆ ಒಮ್ಮೆಗೇ ಮೂರು ಜೀವ ಹೋಗುತ್ತವೆ. ‘ಸೆರೆಮನೆ’ಯ ಎಲೆ ಬಿದ್ದವನಿಗೆ ಆಟೀನು ಬಾರದಿದ್ದರೆ ಆ ಸರದಿಯೇ ಇಲ್ಲ. ಹದಿನಾರು ವೀರರಿಗೂ ಹದಿನಾರು ಶಕ್ತಿಗಳನ್ನು ಕೊಟ್ಟಿದ್ದಾರೆ, ಆದರೆ ತಕ್ಕಡಿ ಸಮವಾಗಿಲ್ಲ: ವಿಲ್ಲಿಯು ಸರದಿಯೊಂದರಲ್ಲಿ ಎಷ್ಟು ಗುಂಡುಗಳನ್ನಾದರೂ ಹಾರಿಸಬಹುದು, ವಲ್ಚರ್ ಸ್ಯಾಮನು ಯಾರಾದರೂ ಸತ್ತು ಅವರ ಎಲೆಗಳು ತನಗೆ ಬರುವವರೆಗೆ ಕಾಯುತ್ತಿರಬೇಕು.

ಇನ್ನೊಂದು ಎಲೆಯ ವಿಷಯವನ್ನು ಮನೆಯ ಹಿರಿಯರು ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಅದರ ಹೆಸರು ‘ಇಂಡಿಯನ್ಸ್’. ಅದನ್ನು ಇಳಿಸಿದಾಗ ಮಿಕ್ಕವರೆಲ್ಲರೂ ಗುಂಡಿನ ಎಲೆಯೊಂದನ್ನು ಬಿಸಾಡಬೇಕು, ಇಲ್ಲವೆ ಜೀವ ಕೊಡಬೇಕು. ನಮ್ಮ ಹುಡುಗಿ ಅದನ್ನು ಓದಿ, “ಇವರು ನಮ್ಮವರೆ?” ಎಂದು ಕೇಳಿದಳು. ಅಲ್ಲವೆಂದೂ, 1492ರಲ್ಲಿ ಕೊಲಂಬಸನು ಹಿಂದೂದೇಶದ ಕಡೆಯ ದ್ವೀಪಗಳನ್ನು ಸೇರಿದೆನೆಂದು ಭ್ರಮಿಸಿ ಆ ನೆಲದ ಮೂಲಜನರಿಗೆ ಇಟ್ಟ ಹೆಸರೆಂದೂ ವಿವರಿಸಿದೆವು. “ಹಾಗಾದರೆ ಊರು ಅವರದಲ್ಲವೆ? ಅವರು ಏಕೆ ಕಳ್ಳರ ಹಾಗೆ ಬರುತ್ತಾರೆ?” ಎಂಬುದು ಮುಂದಿನ ಪ್ರಶ್ನೆ. 1830ರ ಕಾನೂನಿನ ಬಲದಿಂದ ಅಂಥ ಜನಾಂಗಗಳನ್ನು ಸ್ವಂತ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದುದನ್ನೂ, 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟಾ ಜನರನ್ನು ಹೆಂಗಸರು ಮಕ್ಕಳೆನ್ನದೆ ಸೈನಿಕರು ಕೊಂದುದನ್ನೂ ಆ ವಯಸ್ಸಿಗೆ ತಕ್ಕಷ್ಟು ಹೇಳಿದೆವು. ಬಿರುಗಾಳಿ ಬಂದಂತೆ ಬಂದು ಹೋಗುವ ಹೆಸರಿಲ್ಲದ ವಿಪತ್ತಾಗಿ ಒಂದು ಜನಾಂಗವನ್ನು ತೋರಿಸಿರುವುದು ಸರಿಯಲ್ಲ. ಚಲಚ್ಚಿತ್ರಗಳ ಹಳೆಯ ಪಾಪವನ್ನು ಈ ಎಲೆ ಹಾಗೆಯೇ ಹೊತ್ತುಕೊಂಡು ಬಂದಿದೆ.

ಸೀಮೆಯ ವೇಷವನ್ನು ಕಳಚಿದರೂ ಈ ಆಟ ನಿಲ್ಲಬಲ್ಲುದೆಂಬುದಕ್ಕೆ ಒಂದು ದೃಷ್ಟಾಂತ ಉಂಟು. 2008ರಲ್ಲಿ ಚೀನದಲ್ಲಿ ‘ಸಾನ್ ಗುವೊ ಷಾ’ ಎಂಬ ಎಲೆಯಾಟ ಹೊರಟಿತು. ಅಲ್ಲಿ ಷರೀಫನಿಗೆ ಬದಲು ದೊರೆ, ಸಹಾಯಕರಿಗೆ ಬದಲು ರಾಜನಿಷ್ಠರು, ದರೋಡೆಗಾರರಿಗೆ ಬದಲು ಬಂಡಾಯಗಾರರು, ಬಿಯರಿನ ಸ್ಥಾನದಲ್ಲಿ ಪೀಚ್ ಹಣ್ಣು. ಕಥೆ ಚೀನದ ಪುರಾತನವಾದ ಮೂರು ರಾಜ್ಯಗಳದು. ಇಟಲಿಯ ಪ್ರಕಾಶಕರು ಅಮೆರಿಕದಲ್ಲಿ ದಾವೆ ಹೂಡಿದರು. ಆಟದ ನಿಯಮಗಳಿಗೂ ಪಾತ್ರಗಳು ಒಂದರೊಡನೊಂದು ನಡೆದುಕೊಳ್ಳುವ ರೀತಿಗೂ ಕೃತಿಸ್ವಾಮ್ಯದ ರಕ್ಷಣೆಯಿಲ್ಲವೆಂದು 2016ರಲ್ಲಿ ಫೆಡರಲ್ ನ್ಯಾಯಸ್ಥಾನವು ತೀರ್ಪಿತ್ತಿತು. ಆ ನ್ಯಾಯಸ್ಥಾನವಿದ್ದುದು ಷರೀಫರ ನಾಡಾದ ಟೆಕ್ಸಾಸಿನಲ್ಲಿಯೇ ಎಂಬುದು ತಮಾಷೆಯ ಸಂಗತಿ.

ಸುಳ್ಳು ಹೇಳುವುದನ್ನು ಈ ಆಟ ಮಕ್ಕಳಿಗೆ ಕಲಿಸುವುದಿಲ್ಲವೆ ಎಂದು ನಮ್ಮ ಮನೆಯವರು ಆಕ್ಷೇಪಿಸಿದರು. ಸುಳ್ಳು ಹೇಳಲಾರದ ಮಕ್ಕಳನ್ನು ಅದು ಬಯಲಿಗೆಳೆಯುವುದನ್ನೇ ನಾವು ಹೆಚ್ಚಾಗಿ ಕಂಡೆವು. ದರೋಡೆಗಾರನ ಎಲೆ ಬಂದ ದಿನ ಹುಡುಗಿಯ ಮುಖವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಪಿಸ್ತೂಲು ಮಕ್ಕಳ ಕೈಯ ಆಟಕ್ಕೆ ತಕ್ಕ ವಸ್ತುವೆ ಎಂಬ ಅವರ ಎರಡನೆಯ ಆಕ್ಷೇಪಕ್ಕೆ ಮಾತ್ರ ನಮ್ಮಲ್ಲಿ ಅಷ್ಟು ಸುಲಭವಾದ ಉತ್ತರವಿಲ್ಲ. ಆರೇಳು ವರ್ಷದ ಮಕ್ಕಳಿರುವ ಮನೆಯವರು ಇನ್ನೂ ಕೆಲವು ವರ್ಷ ತಡೆದರೆ ನಷ್ಟವಿಲ್ಲ.

ನಾಲ್ವರೇ ಇರುವ ಮನೆಗೆ ಈ ಆಟ ಬೇಡ. ಆಗ ಸಹಾಯಕರೇ ಇರುವುದಿಲ್ಲವಾಗಿ, ಯಾರು ಯಾರೆಂಬುದು ಎರಡು ಸುತ್ತುಗಳಲ್ಲಿ ಬಯಲಾಗಿ ಸ್ವಾರಸ್ಯ ಕೆಡುತ್ತದೆ. ಐವರಾದರೆ ನಡೆದೀತು, ಹಬ್ಬಕ್ಕೋ ಮದುವೆಗೋ ನೆಂಟರು ಕೂಡಿ ಆರೇಳು ಮಂದಿಯಾಗುವ ಮನೆಗಳಲ್ಲಿ ಧಾರಾಳವಾಗಿ ಆಡಬಹುದು. ಎಲೆಗಳ ಮೇಲೆ ಬರಹಕ್ಕಿಂತ ಚಿಹ್ನೆಗಳೇ ಹೆಚ್ಚಾದುದರಿಂದ ಇಂಗ್ಲಿಷು ಬಾರದ ಹಿರಿಯರಿಗೂ ತೊಡಕಿಲ್ಲ. ವೀರರ ಶಕ್ತಿಗಳನ್ನು ಮಾತ್ರ ಯಾರಾದರೂ ಓದಿ ಹೇಳಬೇಕು. ನಾವು ಐದನೆಯ ಆಟದಿಂದ ಮುಂದೆ ಮನೆಯದೇ ಆದ ನಿಯಮವೊಂದನ್ನು ಸೇರಿಸಿಕೊಂಡೆವು. ಮೊದಲು ಸತ್ತವರು ಎಲೆ ಹಂಚುವ ಮತ್ತು ಡೈನಮೈಟಿನ ಪರೀಕ್ಷೆಯ ಎಲೆ ತಿರುಗಿಸುವ ಅಧಿಕಾರಿಗಳಾಗುತ್ತಾರೆ. ಆ ಅಧಿಕಾರಕ್ಕಾಗಿ ಬೇಕೆಂದೇ ಸತ್ತವರೂ ಉಂಟು.

ಇದೇ ಆಟವನ್ನು ದಾಳಗಳಿಂದ ಬೇಗ ಆಡಿ ಮುಗಿಸುವಂತೆ ಮಾರ್ಪಡಿಸಿದ ರೂಪವೊಂದು 2013ರಲ್ಲಿ ಬಂದಿದೆ. ಬಿದ್ದವರು ಅದರಲ್ಲಿ ಬಹಳ ಹೊತ್ತು ಕಾಯಬೇಕಾಗಿಲ್ಲವೆಂದು ತಮ್ಮನ ಮಗನು ಹೇಳುತ್ತಾನೆ. ಬೇಸಗೆಯ ರಜಕ್ಕೆ ತರುವೆನೆಂದೂ ಹೇಳಿದ್ದಾನೆ. ಷರೀಫನ ಎಲೆ ಯಾರಿಗೆ ಬಂದರೂ ಸರಿ, ದೊಡ್ಡಪ್ಪನಿಗೆ ಮಾತ್ರ ಬರಕೂಡದೆಂದು ಅವನ ತಂಗಿ ಈಗಲೇ ಹೇಳಿಟ್ಟಿದ್ದಾಳೆ.