ಕೊರವನಿಗೆ ರಬ್ಬರ್ ಕಪ್ಪೆ ಸಾಕು, ಜೀವಂತ ಕಪ್ಪೆ ಬೇಡ

ಕೆರೆಗೆ ನೀರು ಬಂತು ಅಂದ್ರೆ ನಮ್ಮ ಹುಡುಗರ ಕೈಗೆ ಗಾಳ ಬರುತ್ತೆ. ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿ ದುಬಾರಿ ಲ್ಯೂರ್, ಅಂದ್ರೆ ಕೃತಕ ಎರೆ, ತರಿಸೋರೂ ಇದ್ದಾರೆ. ಬಾಸ್ ನಮ್ಮ ಕೆರೆಯ ಮೀನಲ್ಲ. ಅದರ ಹಾಗೇ ಹೊಂಚು ಹಾಕಿ ಎಗರೋ ಮೀನು ನಮ್ಮಲ್ಲಿ ಕೊರವ, ಅದೇ ಮುರ್ರೆಲ್.

ಕೊರವ ಇರೋದು ಜೊಂಡು, ತಾವರೆ ಎಲೆ, ಕಳೆ ತುಂಬಿದ ಅಂಚಿನಲ್ಲಿ. ಅಲ್ಲಿ ಮೂರು ಮುಳ್ಳಿನ ಲ್ಯೂರ್ ಎಸೆದರೆ ಕಳೆಯೇ ಸಿಗೋದು. ಒಳಗೆ ಟೊಳ್ಳಿರುವ, ಕೊಕ್ಕೆ ಬೆನ್ನಿಗೆ ಒತ್ತಿಕೊಂಡಿರುವ ರಬ್ಬರ್ ಕಪ್ಪೆ ತಗೊಳ್ಳಿ. ಎಲೆ ಮೇಲೆ ಜಾರುತ್ತೆ, ಸಿಕ್ಕಿಕೊಳ್ಳೋದು ಕಡಿಮೆ. ಬೆಳಗ್ಗೆ, ಸಂಜೆ ಮಬ್ಬಿಗೆ ಕಪ್ಪು ಬಣ್ಣ ಒಳ್ಳೇದು, ಕೆಳಗಿನಿಂದ ನೆರಳು ಎದ್ದು ಕಾಣುತ್ತೆ. ನೀರು ಕೆಂಪಾಗಿದ್ರೆ ಹಿಂದೆ ತಿರುಗೋ ತಗಡಿರುವ ಕಪ್ಪೆ ಹಾಕಿ, ಅದರ ಕಂಪನಕ್ಕೆ ಮೀನು ಬರುತ್ತೆ. ಮೀನು ಹಾರಿದ ಕೂಡಲೇ ಎಳೀಬೇಡಿ. ದಾರ ಬಿಗಿಯಾದ ಮೇಲೆ ಎಳೀರಿ.

ಜೀವಂತ ಕಪ್ಪೆ ಚುಚ್ಚೋದನ್ನ ಮಾತ್ರ ಬಿಡಿ. ಸಾವಯವ ಬೇಸಾಯ ಮಾಡೋ ನನಗೆ ಕಪ್ಪೆ ಅಂದ್ರೆ ಸಂಬಳ ಕೇಳದ ಆಳು. ಗದ್ದೆಯ ಹುಳ ತಿನ್ನುತ್ತೆ. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿತು. ಕಪ್ಪೆ ಕಡಿಮೆಯಾದ್ರೆ ಕೀಟ ಹೆಚ್ಚುತ್ತೆ ಅನ್ನೋ ಆತಂಕ ಆಗಲೇ ಇತ್ತು. ಒಂದು ಕಡೆ ಬೇವಿನೆಣ್ಣೆ ಸಿಂಪಡಿಸಿ, ಇನ್ನೊಂದು ಕಡೆ ಹುಳ ತಿನ್ನೋದನ್ನೇ ಕೊಲ್ಲೋದು ಯಾವ ಲೆಕ್ಕ?

ಇನ್ನೊಂದು ಮಾತು. ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಗುಳುಗುಳು ಅಂತ ಏಳೋದು ನೋಡಿರ್ತೀರಿ. ಕೆಳಗೆ ತಾಯಿ–ತಂದೆ ಕಾವಲಿರ್ತವೆ. ಆಗ ಏನು ಎಸೆದರೂ ಕಚ್ಚುತ್ತವೆ, ಹಸಿವಿಗಲ್ಲ, ಮರಿ ಕಾಯೋಕೆ. ಅಲ್ಲಿ ಹಿಡಿಯೋದು ಜಾಣತನವಲ್ಲ. ಕಾವಲು ಹೋದ್ರೆ ಮರಿಗಳು ಬೇರೆ ಮೀನಿನ, ಹಕ್ಕಿಯ ಪಾಲು. ಮುಂದಿನ ವರ್ಷ ಕೆರೆ ಖಾಲಿ.

"ಕೊರವ ನಮ್ಮ ಹೊಂಡದ ಕಾಟ್ಲಾ, ರೋಹು ಮರಿ ತಿನ್ನುತ್ತಲ್ಲ?" ಅಂತೀರಿ. ನಿಜ. ಮರಿ ಬಿಟ್ಟ ನಿಮ್ಮ ಹೊಂಡದಲ್ಲಿ ಕೊರವ ಇದ್ದರೆ ಹಿಡಿದು ಹೊರಗೆ ಹಾಕಿ, ತಪ್ಪಿಲ್ಲ. ಆದರೆ ಊರ ಕೆರೆ ಬೇರೆ. ಅದು ಮೀನುಗಾರರ ಸಂಘಕ್ಕೆ ಗುತ್ತಿಗೆ ಹೋಗಿರಬಹುದು. ಮೊದಲು ಕೇಳಿ, ಆಮೇಲೆ ಗಾಳ ಬಿಡಿ. ಹೊಸ ಮೀನು ತಂದು ಕೆರೆಗೆ ಬಿಡೋ ಸಾಹಸವಂತೂ ಬೇಡವೇ ಬೇಡ.

ಈ ವಾರ ಕೆರೆಗೆ ಹೋಗೋರು ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳು ಒತ್ತಿಬಿಡಿ. ಸಣ್ಣ ಮೀನು ಗಾಯವಾಗದೆ ವಾಪಸ್ ನೀರಿಗೆ ಹೋಗ್ಲಿ.