ನೊರೆಯ ಹದ

ಸಕ್ಕರೆಯ ಪಾಕವು ಕುದಿಯುತ್ತಿರುವಾಗ ಒಂದೆರಡು ಚಮಚ ಹಾಲನ್ನು ಬಿಟ್ಟು, ಕೊಳೆಯೊಡನೆ ಮೇಲೆದ್ದ ನೊರೆಯನ್ನು ಸೌಟಿನಿಂದ ತೆಗೆದುಹಾಕುವ ಕ್ರಮವನ್ನು ನಮ್ಮ ವಾಚಕರೆಲ್ಲರೂ ಬಲ್ಲರಷ್ಟೆ. ಉಪ್ಪುನೀರಿನ ಮೀನುತೊಟ್ಟಿಯನ್ನು ನಿರ್ಮಲವಾಗಿಡುವುದಕ್ಕೂ ನೊರೆಯೇ ಸಾಧನವೆಂಬುದು ನಮಗೆ ತಿಳಿದುದು, ಅವೆನ್ಯೂ ರಸ್ತೆಯ ಹಿಂದಣ ಗಲ್ಲಿಯಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಮೊಮ್ಮಗನು ಅಂಥದೊಂದು ತೊಟ್ಟಿಯನ್ನು ಇಟ್ಟ ಮೇಲೆಯೇ.

ಮಂಗಳೂರಿನ ಕಡಲು ಇಲ್ಲಿಗೆ ಸುಮಾರು 350 ಕಿಲೋಮೀಟರು ದೂರ. ಆದಕಾರಣ ಶುದ್ಧಮಾಡಿದ ನೀರಿಗೆ ಲೀಟರೊಂದಕ್ಕೆ ಸುಮಾರು 35 ಗ್ರಾಂ ಸಮುದ್ರಲವಣವನ್ನು ಬೆರೆಸಿ ಮನೆಯಲ್ಲಿಯೇ ಕಡಲನ್ನು ಮಾಡಿಕೊಳ್ಳಬೇಕು. ಮೀನಿನ ಮಲವೂ ಉಳಿದ ಆಹಾರವೂ ಅದರಲ್ಲಿ ಕೊಳೆತರೆ ವಿಷವಾಗುವುದು. ಆ ಕಲ್ಮಷವನ್ನು ಮುಂಚಿತವಾಗಿಯೇ ತೆಗೆಯುವ ಯಂತ್ರಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು. ದೊಡ್ಡ ತೊಟ್ಟಿಯ ಕೆಳಗಣ ಮರಿತೊಟ್ಟಿಯಲ್ಲಿ ನಿಂತು, ಅದು ಗಾಳಿಯನ್ನು ನೀರಿನೊಡನೆ ಕಡೆದು ಅತಿಸೂಕ್ಷ್ಮವಾದ ಗುಳ್ಳೆಗಳನ್ನೆಬ್ಬಿಸುವುದು. ಪ್ರೋಟೀನಿನ ಅಣುವಿನಲ್ಲಿ ನೀರನ್ನು ಬಯಸುವ ಭಾಗವೂ ನೀರನ್ನೊಲ್ಲದ ಭಾಗವೂ ಇರುವುದರಿಂದ, ಅದು ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ, ಯಂತ್ರದ ಕೊರಳನ್ನು ದಾಟಿ ಬಟ್ಟಲಿಗೆ ಬೀಳುವುದು. ಸಮುದ್ರವನ್ನು ಕಡೆದಾಗ ಮೊದಲು ಹಾಲಾಹಲವೇ ಬಂದಿತೆಂಬ ಕಥೆಯು, ಆ ಬಟ್ಟಲಿನ ಕಪ್ಪುನೀರನ್ನು ಮೂಸಿದವರಿಗೆ ಕೂಡಲೆ ನೆನಪಾಗುವುದು.

ಆದರೆ ನಮ್ಮ ಬಟ್ಟಲು ಒಂದು ದಿನ ಬರಿದಾಗಿರುವುದು. ಇನ್ನೊಂದು ದಿನ ತಿಳಿನೀರೇ ತುಂಬಿ ಉಕ್ಕುವುದು. ಹೊಸ ಯಂತ್ರವು ಹದಕ್ಕೆ ಬರಲು ಒಂದೆರಡು ವಾರ ಹಿಡಿಯುವುದುಂಟು. ಇದಾದರೋ ಎರಡು ತಿಂಗಳಾದರೂ ಹದಕ್ಕೆ ಬರಲಿಲ್ಲ. ಹುಡುಗನು ಗಂಟೆಗೊಮ್ಮೆ ತಿರುಪನ್ನು ತಿರುಗಿಸಿ ಬೇಸತ್ತು, “ತಾತ, ಯಂತ್ರವೇ ಸರಿಯಿಲ್ಲ” ಎಂದನು. ನಾವು ಹಳೆಯ ಉಪಾಧ್ಯಾಯರು. “ಹದಿನೈದು ದಿನ ತಿರುಪನ್ನು ಮುಟ್ಟಬೇಡ, ಕಂಡದ್ದನ್ನು ಬರೆದಿಡು, ಮಗು” ಎಂದೆವು.

ಬರೆದುದನ್ನು ನೋಡಲಾಗಿ ಕಾರಣವು ತಾನೇ ತೋರಿತು. ಭಾನುವಾರ ಕೊಡದಿಂದ ನೀರು ಸುರಿದೊಡನೆ ನೊರೆ ಉಕ್ಕುವುದು. ಶನಿವಾರದ ಹೊತ್ತಿಗೆ ನಿಂತೇಹೋಗುವುದು. ನೀರು ಆವಿಯಾಗಿ ಮರಿತೊಟ್ಟಿಯ ಮಟ್ಟವು ದಿನೇದಿನೇ ಇಳಿಯುತ್ತಿದ್ದುದೇ ರೋಗ, ತಿರುಪು ನಿರಪರಾಧಿ! ಅಂದಿನಿಂದ ಗುರುತುಮಾಡಿದ ಗೆರೆಯವರೆಗೆ ಪ್ರತಿದಿನವೂ ಬೆಳಗ್ಗೆ ಸ್ವಲ್ಪಸ್ವಲ್ಪವೇ ನೀರನ್ನು ತುಂಬಿಸುತ್ತೇವೆ. ಉಪ್ಪು ಆವಿಯಾಗದುದರಿಂದ ಸಪ್ಪೆನೀರೇ ಸಾಕು. ಮಟ್ಟವು ಸ್ಥಿರವಾದ ತರುವಾಯವೇ ತಿರುಪಿನ ಸರದಿ. ನೀರು ಹೊರಹೋಗುವ ದಾರಿಯನ್ನು ಕೊಂಚ ಮುಚ್ಚಿದರೆ ಯಂತ್ರದೊಳಗಣ ಮಟ್ಟವೇರಿ ನೊರೆಯು ತೆಳ್ಳಗೆ ಹೆಚ್ಚಾಗಿ ಬರುವುದು. ತೆರೆದರೆ ಗಟ್ಟಿಯಾಗಿ ಕಡಮೆ ಬರುವುದು. ಒಮ್ಮೆಗೆ ಕೂದಲೆಳೆಯಷ್ಟು ತಿರುಗಿಸಿ, ಒಂದು ಹಗಲು ಒಂದು ರಾತ್ರಿ ಕಾದು ನೋಡತಕ್ಕದ್ದು. ಕೊರಳಿನಲ್ಲಿ ಜಿಡ್ಡು ಕಟ್ಟಿದರೆ ನೊರೆ ಏರದು; ವಾರಕ್ಕೆರಡು ಸಲವಾದರೂ ಅದನ್ನು ಒರಸಬೇಕು.

ಇಷ್ಟನ್ನು ಬೋಧಿಸಿದ ನಾವೇ ಒಂದು ಸಂಜೆ ಎಡವಿದೆವು. ಮೊಮ್ಮಗನಿಗೆ ಸಹಾಯವಾಗಲೆಂದು ಆ ಬಟ್ಟಲನ್ನು ಪಾತ್ರೆ ತೊಳೆಯುವ ಸಾಬೂನಿನಿಂದ ಉಜ್ಜಿಟ್ಟೆವು. ಸಾಬೂನಿನ ಅಂಶವು ನೀರಿಗೆ ಸೇರಿದರೆ ಏನಾಗುವುದೆಂಬುದನ್ನು 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯು ರಸ್ತೆಗೆ ಹಾರಿದಾಗ ಊರೇ ಕಂಡಿತ್ತು. ನಾವು ಮಾತ್ರ ಮರೆತೆವು. ಬೆಳಗಾಗುವಷ್ಟರಲ್ಲಿ ನೊರೆಯು ಉಕ್ಕಿ ನೆಲಕ್ಕೆ ಹರಿದು, ಬೀರುವಿನ ಕೆಳಗಣ ಸಾಲಿನಲ್ಲಿದ್ದ ನಮ್ಮ ಅಮರಕೋಶವನ್ನು ತೋಯಿಸಿತ್ತು. ವಿದ್ಯಾರ್ಥಿದೆಸೆಯಲ್ಲಿ ಊಟದ ಹಣವನ್ನು ಉಳಿಸಿ, ಇದೇ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಪ್ರತಿಯದು.

ಹುಡುಗನು ಯಂತ್ರವನ್ನು ನಿಲ್ಲಿಸಿ, ತೊಟ್ಟಿಯ ಒಂದಷ್ಟು ನೀರನ್ನು ಬದಲಾಯಿಸಿ ಮೀನುಗಳನ್ನುಳಿಸಿದನು. ಬಳಿಕ ನಮ್ಮನ್ನು ಒಂದು ಮಾತೂ ಆಡದೆ, ಕುಳಿತು ಪುಸ್ತಕದ ಹಾಳೆಹಾಳೆಯನ್ನೂ ಬಿಡಿಸಿ ಗಾಳಿಗೆ ಒಣಗಿಸಿದನು. ಆದರೆ ಟಿಪ್ಪಣಿಯ ಪುಸ್ತಕದಲ್ಲಿ, ನಾವು ಕಲಿಸಿದ ಕ್ರಮದಂತೆಯೇ, ಹೀಗೆ ಬರೆದಿದ್ದನು: “ತಿರುಪನ್ನು ಮುಟ್ಟಲಿಲ್ಲ. ತಾತ ಸಾಬೂನು ಹಾಕಿದರು.”