ಅಂತರಜಾಲ ಸಾಧನಗಳೂ ಕನ್ನಡ ಅಧ್ಯಾಪನವೂ

ಭಾರತ ಸರ್ಕಾರವು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಶಾಲಾ ಶಿಕ್ಷಣಕ್ಕೆಂದು ಅಂತರಜಾಲದ ವೇದಿಕೆಯೊಂದನ್ನು ಆರಂಭಿಸಿ ಅದಕ್ಕೆ ‘ದೀಕ್ಷಾ’ ಎಂದು ಹೆಸರಿಟ್ಟಿತು. ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಆದರೆ ಶರಣ ಪರಂಪರೆಯಲ್ಲಿ ಬೆಳೆದವರ ಕಿವಿಗೆ ಆ ಶಬ್ದ ಬಿದ್ದೊಡನೆ ಮನಸ್ಸು ಬೇರೊಂದೆಡೆಗೆ ಹರಿಯುವುದು ಸಹಜ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸುವ ಸಂಸ್ಕಾರವೇ ದೀಕ್ಷೆ. ಅಲ್ಲಿ ಕೊಡುವವನೂ ಪಡೆಯುವವನೂ ಪರಸ್ಪರ ಸನ್ನಿಧಿಯಲ್ಲಿರಬೇಕು, ಹಸ್ತವಿಲ್ಲದೆ ದೀಕ್ಷೆಯಿಲ್ಲ. ಹೊಸ ‘ದೀಕ್ಷೆ’ಯಾದರೋ ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕಾಕೃತಿಯ ಗುರುತನ್ನು ಮೊಬೈಲಿಗೆ ತೋರಿಸಿದೊಡನೆ ಲಭಿಸುತ್ತದೆ. ಈ ಎರಡು ದೀಕ್ಷೆಗಳ ಸಂಬಂಧವೇನು? ಒಂದು ಬಂದಾಗ ಮತ್ತೊಂದು ಹೋಗಲೇಬೇಕೇ? ಪ್ರಕೃತ ವಿವೇಚನೆಗೆ ವಿಷಯವಾಗಿರುವುದು ಈ ಪ್ರಶ್ನೆ.

ಈ ವಿಚಾರದಲ್ಲಿ ವಿದ್ಯಾಸಂಸ್ಥೆಗಳಲ್ಲಿ ಎರಡು ಪಕ್ಷಗಳು ಕಂಡುಬರುತ್ತವೆ. ಹೊಸ ಸಾಧನಗಳು ಬಂದ ಮೇಲೆ ಉಪಾಧ್ಯಾಯರ ಶ್ರಮ ತಗ್ಗಿತು, ಇನ್ನು ತೆರೆಯೇ ಪಾಠ ಹೇಳೀತು ಎಂದು ಹಿಗ್ಗುವವರದು ಒಂದು ಪಕ್ಷ. ಯಂತ್ರವು ತರಗತಿಯ ಹೊಸ್ತಿಲನ್ನು ದಾಟಿದೊಡನೆ ವಿದ್ಯೆಯ ಪಾವಿತ್ರ್ಯವೇ ಅಳಿಯಿತೆಂದು ಮರುಗುವವರದು ಇನ್ನೊಂದು. ಈ ಎರಡೂ ಪಕ್ಷಗಳು ಒಂದೇ ತಪ್ಪನ್ನು ಮಾಡುತ್ತವೆ. ಸಾಧನವು ಗುರುವಿನ ಸ್ಥಾನದಲ್ಲಿ ಕುಳಿತುಕೊಳ್ಳುವುದೆಂದು ಇಬ್ಬರೂ ಭಾವಿಸುತ್ತಾರೆ. ಒಬ್ಬರಿಗೆ ಅದು ಹರ್ಷದ ಕಾರಣ, ಮತ್ತೊಬ್ಬರಿಗೆ ಭಯದ ಕಾರಣ. ವಸ್ತುಸ್ಥಿತಿ ಹಾಗಿಲ್ಲ. ಯೋಗ್ಯ ರೀತಿಯಲ್ಲಿ ಬಳಸಿದಾಗ ಈ ಸಾಧನಗಳು ಉಪಾಧ್ಯಾಯರ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತವೆ. ಹಾಗೆ ಹೆಚ್ಚಿದ ಕೆಲಸವೇ ನಿಜವಾದ ಅಧ್ಯಾಪನ.

ಹೊಸ ಸಾಧನವನ್ನು ಕಂಡು ಹಿಂಜರಿಯುವುದು ವಚನ ಸಾಹಿತ್ಯದ ವಾರಸುದಾರರಿಗೆ ಒಪ್ಪುವ ಮಾತಲ್ಲ. ಶತಮಾನಗಳ ಕಾಲ ವಚನಗಳು ಓಲೆಗರಿಯ ಕಟ್ಟುಗಳಲ್ಲಿ, ಮಠಗಳ ಮತ್ತು ಭಕ್ತರ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಉಳಿದಿದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಅಂದಿಗೆ ಅಚ್ಚಿನ ಮೊಳೆಯೇ ಹೊಸ ಸಾಧನ. ಆದರೆ ವಚನಗಳನ್ನು ಉಳಿಸಿದ್ದು ಮೊಳೆಯಲ್ಲ, ಮೊಳೆಯ ಹಿಂದಿದ್ದ ತಪಸ್ಸು. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದುದು ಆ ತಪಸ್ಸಿನ ಮುಂದುವರಿಕೆ. ಅನಂತರ ತಂತ್ರಜ್ಞಾನ ಬಲ್ಲ ಉತ್ಸಾಹಿ ಕನ್ನಡಿಗರು ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಅಳವಡಿಸಿ, ಪದವೊಂದನ್ನು ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಕಣ್ಣೆದುರು ತರುವ ವ್ಯವಸ್ಥೆ ಮಾಡಿದರು. ಹಿಂದೆ ವಿದ್ವಾಂಸನೊಬ್ಬನು ಪದಕೋಶಕ್ಕಾಗಿ ವರ್ಷಗಟ್ಟಲೆ ಚೀಟಿ ಬರೆದಿಟ್ಟುಕೊಂಡು ಮಾಡುತ್ತಿದ್ದ ಕೆಲಸವನ್ನು ಇಂದು ಒಂಬತ್ತನೆಯ ತರಗತಿಯ ಬಾಲಕಿಯೂ ಆರಂಭಿಸಬಹುದು. ‘ಆರಂಭಿಸಬಹುದು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಮುಗಿಸಲು ಗುರುವೇ ಬೇಕು.

ಗ್ರಾಮಾಂತರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುವ ಉಪಾಧ್ಯಾಯರೊಬ್ಬರ ಅನುಭವವನ್ನು ಇಲ್ಲಿ ಉದಾಹರಿಸುವುದು ಉಚಿತ. ಅವರು ನಲವತ್ತು ದಾಟಿದ ಮೇಲೆ ಗಣಕಯಂತ್ರದ ಕೀಲಿಮಣೆಯನ್ನು ಮುಟ್ಟಿದವರು. 2020ರ ಮಾರ್ಚ್‌ನಲ್ಲಿ ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದಾಗ ಅವರೂ ಎಲ್ಲರಂತೆ ಮೊಬೈಲಿನ ಮೂಲಕ ಪಾಠ ಕಳುಹಿಸತೊಡಗಿದರು. ಕಳುಹಿಸಿದ್ದು ತಲುಪಿತೆಂದೇ ತಿಳಿದಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರವು ‘ವಿದ್ಯಾಗಮ’ ಯೋಜನೆಯನ್ನು ಜಾರಿಗೆ ತಂದು, ಉಪಾಧ್ಯಾಯರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಪೌಳಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳುವಂತೆ ಮಾಡಿದಾಗ ನಿಜಸ್ಥಿತಿ ಅವರಿಗೆ ತಿಳಿಯಿತು. ಕುರುಬರ ಮನೆಯ ಬಾಲಕಿಯೊಬ್ಬಳು ಅದುವರೆಗೆ ಒಂದು ಪಾಠವನ್ನೂ ಕಂಡಿರಲಿಲ್ಲ. ಮನೆಯಲ್ಲಿದ್ದ ಒಂದೇ ಮೊಬೈಲು ಬೆಳಗಿನ ಜಾವವೇ ತಂದೆಯೊಡನೆ ಕುರಿಯ ಹಿಂಡಿನ ಹಿಂದೆ ಹೋಗಿ ಕತ್ತಲಾದ ಮೇಲೆ ಮರಳುತ್ತಿತ್ತು. ಆಕೆಯನ್ನು ಗೈರುಹಾಜರಿಯೆಂದು ಬರೆದುಕೊಂಡಿದ್ದ ಉಪಾಧ್ಯಾಯರು ಅಂದು ಹಾಜರಿ ಪುಸ್ತಕವನ್ನು ಮುಚ್ಚಿಟ್ಟರು. ಎರಡು ತಿಂಗಳಲ್ಲಿ ವಿದ್ಯಾಗಮವೂ ಸ್ಥಗಿತಗೊಂಡಿತು. ಆದರೆ ಮನೆಯ ಮೊಬೈಲಿನಿಂದಲೇ ಆಗಬೇಕಾದ ಯಾವ ಕೆಲಸವನ್ನೂ ಮಕ್ಕಳಿಗೆ ವಿಧಿಸಬಾರದೆಂಬ ನಿಯಮವನ್ನು ಅವರು ತಮಗೆ ತಾವೇ ಹಾಕಿಕೊಂಡರು.

2021ರಲ್ಲಿ ತರಗತಿಗಳು ಮತ್ತೆ ಕೂಡಿದಾಗ, ದಾನಿಗಳು ಕೊಟ್ಟಿದ್ದ ಒಂದು ತೆರೆಯನ್ನು ತರಗತಿಯಲ್ಲಿಯೇ ಬಳಸುವ ಪ್ರಯೋಗಕ್ಕೆ ಅವರು ತೊಡಗಿದರು. ಅಂಬಿಗರ ಚೌಡಯ್ಯನ ವಚನ ಪಾಠವಾಗಿತ್ತು. ಮೊದಲ ದಿನ ಸಿದ್ಧ ಚಿತ್ರಪಾಠವೊಂದನ್ನು ತೋರಿಸಿದರು. ಮಕ್ಕಳು ಮೌನವಾಗಿ ನೋಡಿದರು, ಉಪಾಧ್ಯಾಯರಿಗೂ ಸಮಾಧಾನವಾಯಿತು. ಕೊನೆಯಲ್ಲಿ ‘ಹುಟ್ಟು’ ಎಂದರೇನೆಂದು ಕೇಳಿದಾಗ ಮುಂದಿನ ಸಾಲಿನ ಬಾಲಕನು, “ಹುಟ್ಟುಹಬ್ಬದ ಹುಟ್ಟು, ಗುರುಗಳೇ” ಎಂದನು. ತರಗತಿಯೆಲ್ಲ ಹೌದೆಂದಿತು. ಬಯಲುಸೀಮೆಯ ಮಕ್ಕಳು ದೋಣಿಯನ್ನೇ ಕಂಡವರಲ್ಲ; ಅಂಬಿಗನು ಹರಿಗೋಲನ್ನು ನಡೆಸುವ ಹುಟ್ಟು ಅವರಿಗೆ ತಿಳಿಯದುದು ದೋಷವಲ್ಲ. ಆದರೆ ಚಿತ್ರಪಾಠವು ತಿಳಿಯದುದನ್ನು ತಿಳಿಯಿತೆನಿಸಿ ಮುಂದೆ ಸಾಗಿತ್ತು. ದೋಷವಿದ್ದುದು ಅಲ್ಲಿ.

ಮರುದಿನ ಅವರು ಕ್ರಮವನ್ನು ಬದಲಿಸಿದರು. ತೆರೆಗೆ ಮುಸುಕು ಹಾಕಿ ವಚನವನ್ನು ಮೂರು ಸಲ ಗಟ್ಟಿಯಾಗಿ ಓದಿಸಿದರು. ‘ಹುಟ್ಟು’ ಎಂಬುದಕ್ಕೆ ತೋರಿದ ಅರ್ಥವನ್ನು ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವಂತೆ ಹೇಳಿದರು. ಬಳಿಕವೇ ತೆರೆಯನ್ನು ತೆರೆದು ಆ ಪದವನ್ನು ಹುಡುಕಿಸಿದರು. ಬಂದ ಫಲಿತಾಂಶದಲ್ಲಿ ಜನನಾರ್ಥದ ಹುಟ್ಟೇ ಹೆಚ್ಚು. ಯಂತ್ರವು ಅಕ್ಷರಗಳ ಸಾಲನ್ನು ಹುಡುಕುತ್ತದೆಯೇ ಹೊರತು ಅರ್ಥವನ್ನಲ್ಲ ಎಂಬುದು ಮಕ್ಕಳಿಗೆ ಪ್ರತ್ಯಕ್ಷವಾಯಿತು. ಅಷ್ಟೇ ಅಲ್ಲ, ತಾವೇ ಓದಿದ್ದ ಕೆಲವು ಪ್ರಯೋಗಗಳು ಪಟ್ಟಿಯಲ್ಲಿ ಕಾಣಲಿಲ್ಲ. ಏಕೆ? ‘ಹುಟ್ಟು’ ಎಂಬುದಕ್ಕೆ ‘ಅನ್ನು’ ಸೇರಿದಾಗ ಕೊನೆಯ ಉಕಾರ ಲೋಪವಾಗಿ ‘ಹುಟ್ಟನ್ನು’ ಎಂದಾಗುತ್ತದೆ. ‘ಇಲ್ಲ’ ಸೇರಿದಾಗ ‘ಹುಟ್ಟಿಲ್ಲ’ ಎಂದಾಗುತ್ತದೆ. ಉಕಾರಾಂತವಾಗಿ ಹುಡುಕಿದರೆ ಇವು ಸಿಕ್ಕುವುದಿಲ್ಲ. ಬಾಲಕಿಯೊಬ್ಬಳು, “ಹಾಗಾದರೆ ‘ಹುಟ್ಟ’ ಎಂದಷ್ಟೇ ಕೊಟ್ಟು ನೋಡೋಣ” ಎಂದಳು. ಕೊಟ್ಟಾಗ ಬಿಟ್ಟುಹೋಗಿದ್ದವೆಲ್ಲ ಬಂದವು. ಜತೆಗೆ ‘ಹುಟ್ಟಿ’, ‘ಹುಟ್ಟಿದ’ ಎಂಬ ಕ್ರಿಯಾರೂಪಗಳೂ ಬಂದು ರಾಶಿಯಾದವು. ನಾಮಪದ ಯಾವುದು, ಧಾತು ಯಾವುದು ಎಂದು ವಿಂಗಡಿಸುವ ಕೆಲಸ ಮಕ್ಕಳ ಪಾಲಿಗೆ ಬಂದಿತು.

ಲೋಪಸಂಧಿಯನ್ನು ಏಕೆ ಕಲಿಯಬೇಕೆಂದು ಕೇಳುವ ಮಕ್ಕಳಿಗೆ ಪರೀಕ್ಷೆಯ ಅಂಕಗಳ ಹೊರತು ಬೇರೆ ಉತ್ತರ ಕೊಡುವುದು ವ್ಯಾಕರಣ ಪಾಠ ಹೇಳುವವರಿಗೆ ಬಹುಕಾಲದಿಂದ ಕಷ್ಟವಾಗಿತ್ತು. ಅಂದು ಆ ತರಗತಿಯಲ್ಲಿ ಉತ್ತರ ತಾನಾಗಿ ದೊರೆಯಿತು. ‘ಕನ್ನಡ’ ಎಂದು ಹುಡುಕಿದರೆ ‘ಹಳಗನ್ನಡ’ ಸಿಕ್ಕದು. ಅಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿದೆ. ನಡುಗನ್ನಡದ ‘ಹುಟ್ಟು’ ಎಂದು ಹುಡುಕಿದರೆ ಹಳಗನ್ನಡದ ‘ಪುಟ್ಟು’ ಸಿಕ್ಕದು. ಅಲ್ಲಿ ಪಕಾರವು ಹಕಾರವಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಾಸ್ತ್ರವಾಗಿ ನಿರೂಪಿಸಿದ ಸಂಧಿಕಾರ್ಯವು ಇಪ್ಪತ್ತೊಂದನೆಯ ಶತಮಾನದ ಯಂತ್ರವನ್ನು ನಡೆಸಲು ಬೇಕಾಯಿತು. ವ್ಯಾಕರಣ ಬಲ್ಲವನಿಗೆ ಸಾಧನ ವಶವಾಗುತ್ತದೆ. ಅರಿಯದವನು ಅದು ಕೊಟ್ಟಷ್ಟಕ್ಕೇ ತೃಪ್ತನಾಗಬೇಕು.

ಆದರೂ ಆ ದಿನದ ಪಾಠದ ಸಾರ ತೆರೆಯಿಂದ ಬರಲಿಲ್ಲ. ಹುಟ್ಟಿನ ಅರ್ಥಗಳನ್ನು ಫಲಕದ ಮೇಲೆ ಬರೆಯುತ್ತಿದ್ದಾಗ ಒಬ್ಬನು ಜೇನುಹುಟ್ಟನ್ನು ನೆನಪಿಸಿದನು. ಆಗ ಕೊನೆಯ ಸಾಲಿನಲ್ಲಿ, ಮೊಬೈಲಿಲ್ಲದ ಆ ಕುರುಬರ ಬಾಲಕಿ ಮೆಲ್ಲನೆ ಎದ್ದು ನಿಂತು, ಅಂಬಲಿ ತಿರುವುವ ಮರದ ಸೌಟಿಗೆ ತನ್ನ ಅಜ್ಜಿ ‘ಹುಟ್ಟು’ ಎನ್ನುವಳೆಂದಳು. ಕೆಲವರು ನಕ್ಕರು. ಉಪಾಧ್ಯಾಯರು ನಗಲಿಲ್ಲ, ಗ್ರಂಥಾಲಯದಿಂದ ನಿಘಂಟನ್ನು ತರಿಸಿ ಓದಿಸಿದರು. ಮರದ ಸೌಟೆಂಬ ಅರ್ಥ ಅಲ್ಲಿತ್ತು. ದೋಣಿ ನಡೆಸುವ ಸಾಧನವೆಂಬ ಅರ್ಥವೂ ಇತ್ತು. ಉದ್ದನೆಯ ಹಿಡಿ, ತುದಿಯಲ್ಲಿ ಅಗಲವಾದ ಹಲಗೆ. ಒಂದು ನೀರನ್ನು ತಳ್ಳುತ್ತದೆ, ಇನ್ನೊಂದು ಅಂಬಲಿಯನ್ನು ತಿರುವುತ್ತದೆ. ದಾಸೋಹದ ಮನೆಯಿಂದ ಅಂತಹ ಸೌಟೊಂದನ್ನು ತಂದು ಮೇಜಿನ ಮೇಲಿಟ್ಟಾಗ, ನದಿಯನ್ನು ಕಾಣದ ಮಕ್ಕಳಿಗೆ ಅಂಬಿಗನ ಹುಟ್ಟು ಕೈಗೆ ಸಿಕ್ಕಿತು. ಯಾವ ಬಾಲಕಿಯನ್ನು ಹೊಸ ಸಾಧನವು ಒಂದು ಕಾಲದಲ್ಲಿ ಹೊರಗಿಟ್ಟಿತ್ತೋ ಅವಳೇ ಅಂದು ತರಗತಿಗೆ ಅರ್ಥವನ್ನು ಕೊಟ್ಟಳು. ಆ ಪ್ರಶ್ನೆಯನ್ನು ಎತ್ತುವಂತೆ ಮಾಡಿದ್ದು ತೆರೆ. ಉತ್ತರ ಬಂದುದು ಅಜ್ಜಿಯ ಅಡುಗೆಮನೆಯಿಂದ. ಎರಡನ್ನೂ ಕೂಡಿಸಿದವನು ಗುರು.

ಈ ಸಾಧನಗಳಿಂದ ಒದಗುವ ಅಪಾಯವನ್ನೂ ಮರೆಮಾಚುವಂತಿಲ್ಲ. 2022ರ ನವೆಂಬರ್‌ನಲ್ಲಿ ‘ಚಾಟ್‌ಜಿಪಿಟಿ’ ಸಾರ್ವಜನಿಕರಿಗೆ ದೊರೆತ ಮೇಲೆ, ಕೇಳಿದ ಮಾತಿಗೆ ಕ್ಷಣದಲ್ಲಿ ಲೇಖನವನ್ನೋ ಪದ್ಯವನ್ನೋ ಹೆಣೆದುಕೊಡುವ ಯಂತ್ರಗಳು ಮಕ್ಕಳ ಕೈಗೂ ಬಂದಿವೆ. ಅದೇ ಉಪಾಧ್ಯಾಯರ ಬಳಿಗೆ ವಿದ್ಯಾರ್ಥಿಯೊಬ್ಬನು ಭಾಷಣ ಸ್ಪರ್ಧೆಗೆಂದು ಬಸವಣ್ಣನವರ ‘ವಚನ’ವೊಂದನ್ನು ತಂದನು. ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವಿತ್ತು. ನಡುವೆ ‘ಆತ್ಮವಿಶ್ವಾಸ’ವೆಂಬ ಮಾತಿತ್ತು. ಹನ್ನೆರಡನೆಯ ಶತಮಾನದ ಬಾಯಲ್ಲಿ ಆಧುನಿಕ ಉಪನ್ಯಾಸದ ಪದ! ಜಾಲತಾಣದಲ್ಲಿ ಹುಡುಕಿದರು, ಸಿಕ್ಕಲಿಲ್ಲ. ಬಸವಣ್ಣನವರ ವಚನಗಳ ಸಂಪುಟದ ಅಕಾರಾದಿಯನ್ನು ಆ ವಿದ್ಯಾರ್ಥಿಯಿಂದಲೇ ನೋಡಿಸಿದರು, ಅಲ್ಲಿಯೂ ಇರಲಿಲ್ಲ. ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ರಾಮನಾಥನೆಂದರೆ ಜೇಡರ ದಾಸಿಮಯ್ಯ ಎಂದು ಅಂಕಿತದಿಂದ ಕರ್ತೃವನ್ನು ಗುರುತಿಸುವುದನ್ನು ಶಾಲೆಗಳಲ್ಲಿ ಕಲಿಸುತ್ತ ಬಂದಿದ್ದಾರೆ. ಇಂದು ಅಷ್ಟೇ ಸಾಲದು. ಅಂಕಿತವನ್ನು ಯಂತ್ರವೂ ಅಂಟಿಸಬಲ್ಲುದು. ಯಾವ ಗ್ರಂಥದಲ್ಲಿದೆ, ಯಾರು ಸಂಪಾದಿಸಿದರು, ಭಾಷೆ ಆ ಕಾಲಕ್ಕೆ ಒಪ್ಪುವುದೇ ಎಂದು ಪರಿಶೀಲಿಸುವ ಅಭ್ಯಾಸ ಹಿಂದೆ ಸಂಶೋಧಕರಿಗೆ ಮೀಸಲಾಗಿತ್ತು. ಈಗ ಪ್ರತಿಯೊಬ್ಬ ವಿದ್ಯಾರ್ಥಿಗೂ ಅವಶ್ಯಕವಾಗಿದೆ. ಶರಣರ ಹೆಸರಿನಲ್ಲಿ ಶರಣರಾಡದ ಮಾತು ವೇದಿಕೆಯಿಂದ ವೇದಿಕೆಗೆ ಹರಡಿದರೆ, ಹಳಕಟ್ಟಿಯವರ ಆಯುಷ್ಯದ ಶ್ರಮಕ್ಕೆ ಮಠದ ಶಾಲೆಗಳೇ ಅಪಚಾರವೆಸಗಿದಂತಾಗುತ್ತದೆ.

ಇಷ್ಟೊಂದು ಕಾಲ ಒಂದು ಪದಕ್ಕೆ ವ್ಯಯಿಸಿದರೆ ಪಠ್ಯಭಾಗ ಮುಗಿಯುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಪ್ರತಿಯೊಂದು ಪಾಠವನ್ನೂ ಹೀಗೆ ಬೋಧಿಸುವುದು ಶಕ್ಯವಲ್ಲ, ಅವಶ್ಯಕವೂ ಅಲ್ಲ. ತಿಂಗಳಿಗೊಂದು ಪಾಠ ಹೀಗೆ ನಡೆದರೂ ಉಳಿದ ಪಾಠಗಳನ್ನು ಮಕ್ಕಳು ಓದುವ ರೀತಿಯೇ ಬೇರೆಯಾಗುತ್ತದೆ. ಕಂಠಪಾಠವೂ ಗಟ್ಟಿಯಾದ ವಾಚನವೂ ತೆರೆಯ ನೆಪದಲ್ಲಿ ಮೂಲೆ ಸೇರಬಾರದೆಂಬ ಹಿರಿಯರ ಕಳವಳವೂ ಯೋಗ್ಯವೇ. ಕಂಠದಲ್ಲಿ ವಚನವಿಲ್ಲದವನಿಗೆ ಏನನ್ನು ಹುಡುಕಬೇಕೆಂಬುದೇ ತಿಳಿಯುವುದಿಲ್ಲ.

ಇನ್ನು ದಾನಿಗಳಲ್ಲಿ ಒಂದು ವಿಜ್ಞಾಪನೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಯುತ್ತಿರುವುದು ಭಕ್ತರ ಔದಾರ್ಯದಿಂದ. ಆ ಔದಾರ್ಯವು ಈಚೆಗೆ ಗಣಕಯಂತ್ರ, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡುಗಳ ರೂಪದಲ್ಲಿ ಹರಿದು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಉದ್ಘಾಟನೆಯ ದಿನ ಹೂಮಾಲೆ ಧರಿಸಿದ ಯಂತ್ರವು ಮರುವರ್ಷ ಧೂಳು ಧರಿಸಿ ನಿಂತಿರುವುದೂ ಅಪರೂಪವಲ್ಲ. ಯಂತ್ರದೊಡನೆ ಗ್ರಂಥವೂ ಬರಲಿ: ವಚನ ಸಂಪುಟಗಳ 15 ಗ್ರಂಥಗಳು, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು. ಜಾಲತಾಣ ಇಂದು ಇದ್ದು ನಾಳೆ ಮರೆಯಾಗಬಹುದು; ಕಪಾಟಿನ ಗ್ರಂಥ ವಿದ್ಯುತ್ತಿಲ್ಲದ ದಿನವೂ ತೆರೆಯುತ್ತದೆ. ಗ್ರಂಥದೊಡನೆ ಕಾಲವೂ ದೊರೆಯಲಿ: ಉಪಾಧ್ಯಾಯರಿಗೆ ವಾರದಲ್ಲಿ ಎರಡು ಅವಧಿಗಳನ್ನಾದರೂ ಪೂರ್ವಸಿದ್ಧತೆಗೆ ಬಿಡುವ ವ್ಯವಸ್ಥೆಯನ್ನು ಆಡಳಿತ ಮಂಡಳಿ ಮಾಡಬೇಕು. ವಿದ್ಯಾರ್ಥಿನಿಲಯದಲ್ಲಿ ಸಂಜೆಯ ಹೊತ್ತು ಒಂದು ಕೊಠಡಿ, ಒಂದು ಯಂತ್ರ, ಜತೆಗೆ ಒಬ್ಬ ಉಪಾಧ್ಯಾಯರು ಇದ್ದರೆ ಮನೆಯಲ್ಲಿ ಮೊಬೈಲಿಲ್ಲದ ಮಗುವಿಗೆ ಕೊರತೆಯಾಗದು.

ಗಣಕಯಂತ್ರದ ಉದ್ಯೋಗದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಶ್ರಮಿಸಿ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಿಂದ 2019ರಲ್ಲಿ ಅಂತರಜಾಲವನ್ನು ಸೇರಿ, 1,50,000ಕ್ಕೂ ಹೆಚ್ಚು ಪದಗಳು ಎಲ್ಲರಿಗೂ ಉಚಿತವಾಗಿ ದೊರೆಯುವಂತಾದುದು ಅಕ್ಷರ ದಾಸೋಹವೇ ಸರಿ. ಅಂತಹ ಹಿರಿಯ ಕಾರ್ಯ ಎಲ್ಲರಿಂದಲೂ ಆಗದು. ಆದರೆ ತಮ್ಮ ತಮ್ಮ ಊರಿನ ಅಜ್ಜಿಯರ ಬಾಯಲ್ಲಿರುವ ಕೃಷಿಯ, ಅಡುಗೆಯ, ಕಸುಬಿನ ಮಾತುಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಿ, ಪರಿಷ್ಕರಿಸಿ, ಅಂತರಜಾಲಕ್ಕೆ ಏರಿಸಲು ಶಾಲೆಗೆ ನೆರವಾಗುವುದು ಅಸಾಧ್ಯವೇನಲ್ಲ. ಆಗ ಶಾಲೆಯು ಅಂತರಜಾಲದಿಂದ ಪಡೆಯುವುದರ ಜತೆಗೆ ಅದಕ್ಕೆ ಕೊಟ್ಟಂತೆಯೂ ಆಗುತ್ತದೆ. ಪಡೆದುದನ್ನು ಹಂಚಿ ಬಾಳುವುದೇ ದಾಸೋಹದ ತತ್ತ್ವವಲ್ಲವೇ?

ಓಲೆಗರಿ ಬಂದಿತು, ಕಾಗದ ಬಂದಿತು, ಅಚ್ಚು ಬಂದಿತು, ಈಗ ತೆರೆ ಬಂದಿದೆ. ಬರುವುದನ್ನು ತಡೆಯುವುದು ಅಸಾಧ್ಯ, ತಡೆಯಬೇಕಾಗಿಯೂ ಇಲ್ಲ. ತೆರೆಯ ಎದುರು ಕುಳಿತ ಮಗುವಿನ ಪಕ್ಕದಲ್ಲಿ ಗುರು ನಿಂತಿರುವನೇ, ಅವನ ಕೈ ಆ ಮಗುವಿನ ತಲೆಯ ಮೇಲಿರುವುದೇ ಎಂಬುದನ್ನಷ್ಟೇ ವಿದ್ಯಾಸಂಸ್ಥೆಗಳು ನೋಡಿಕೊಳ್ಳಬೇಕು. ಆ ಕೈ ಇರುವವರೆಗೆ ಯಾವ ಸಾಧನ ಬಂದರೂ ಅದು ವಿದ್ಯೆಯ ಪರಿಚಾರಕನಾಗಿ ನಿಲ್ಲುತ್ತದೆ. ಹೊಸ ‘ದೀಕ್ಷೆ’ಯು ಹಳೆಯ ದೀಕ್ಷೆಯ ನೆರಳಿನಲ್ಲಿ ಸಾರ್ಥಕವಾಗಲಿ.